24,000 ರಿವಾರ್ಡ್ ಪಾಯಿಂಟ್‌ಗೆ ಕೈಗೆ ಎಷ್ಟು ದುಡ್ಡು ಬಂತು: ನಾಲ್ಕು ದಾರಿಯ ಹೋಲಿಕೆ

ಎರಡು ವರ್ಷದ ಹಿಂದೆ ಅಪ್ಪನ ಹೃದಯದ ಆಪರೇಷನ್ ಮಂಗಳೂರಲ್ಲಿ ಆಯಿತು. ಕಾಸರಗೋಡಿನ ಬದಿಯಡ್ಕದ ಕಡೆಯವರು ದೊಡ್ಡ ಕಾಯಿಲೆಗೆ ತಲಪಾಡಿ ಗಡಿ ದಾಟಿ ಅಲ್ಲಿಗೇ ಓಡುವುದು ಅಲ್ವಾ. ಬಿಲ್ಲು 3 ಲಕ್ಷ. ಕ್ರೆಡಿಟ್ ಕಾರ್ಡ್ ಉಜ್ಜಿದೆ, ಆಮೇಲೆ ಅಡಿಕೆ ಮಾರಿ ಕಟ್ಟಿದೆ. ನನ್ನ ಕಾರ್ಡ್‌ನಲ್ಲಿ 150 ರೂಪಾಯಿ ಖರ್ಚಿಗೆ 4 ಪಾಯಿಂಟ್, ಹಾಗಾಗಿ ಆ ಒಂದೇ ಬಿಲ್ಲಿಗೆ 8,000 ಪಾಯಿಂಟ್ ಬಂದಿತ್ತು. ತೋಟದ ಪಂಪು, ಪೈಪು, ಮಗಳ ಕಾಲೇಜು ಫೀಸು ಎಲ್ಲ ಸೇರಿ ಒಟ್ಟು 24,000 ಆಯಿತು. ನಾನು ಅತ್ತ ತಿರುಗಿಯೂ ನೋಡಿರಲಿಲ್ಲ. ಒಂದು ದಿನ ಮೆಸೇಜ್ ಬಂತು, ಎರಡು ವರ್ಷ ತುಂಬುವ ಪಾಯಿಂಟ್‌ಗಳು ಮುಂದಿನ ತಿಂಗಳು ಹೋಗುತ್ತವೆ ಅಂತ. ಹೋಗುವುದು ಅದೇ ಆಸ್ಪತ್ರೆ ಬಿಲ್ಲಿನ 8,000. ಅಷ್ಟು ಕಷ್ಟದಲ್ಲಿ ಕಟ್ಟಿದ ದುಡ್ಡಿನಿಂದ ಬಂದದ್ದು, ಸುಮ್ನೆ ಬಿಡಲು ಮನಸ್ಸಾಗಲಿಲ್ಲ.

ನನಗೆ ಬೇಕಿದ್ದದ್ದು ನಗದು. ಎಲ್ಲವನ್ನೂ ಒಂದೇ ಕಡೆ ಸುರಿಯದೆ ಪಾಲು ಮಾಡಿ ನಾಲ್ಕು ದಾರಿ ನೋಡಿದೆ. ಒಂದು ವಿಷಯ ಮೊದಲೇ ಹೇಳ್ತೇನೆ, ಪಾಯಿಂಟ್ ಎಷ್ಟು ಸಾವಿರ ಇದೆ ಅಂತ ಲೆಕ್ಕ ಹಾಕಿ ಪ್ರಯೋಜನ ಇಲ್ಲ, ಒಂದು ಪಾಯಿಂಟ್‌ಗೆ ಎಷ್ಟು ಪೈಸೆ ಅಂತಲೇ ನೋಡಬೇಕು. ಎಸ್‌ಬಿಐನ ಸುಮಾರು ಕಾರ್ಡ್‌ಗಳಲ್ಲಿ 4 ಪಾಯಿಂಟ್ ಅಂದರೆ 1 ರೂಪಾಯಿ. ನನ್ನ ಹೆಂಡತಿಯ ಅಮೆಜಾನ್ ಪೇ ಐಸಿಐಸಿಐ ಕಾರ್ಡ್‌ನಲ್ಲಿ ಒಂದು ಪಾಯಿಂಟ್‌ಗೆ ಒಂದು ರೂಪಾಯಿ, ಅದೂ ತಾನಾಗಿ ಅಮೆಜಾನ್ ಪೇ ಬ್ಯಾಲೆನ್ಸ್‌ಗೆ ಬಂದು ಬೀಳುತ್ತದೆ, ಅವಳಿಗೆ ಈ ತಲೆಬಿಸಿಯೇ ಇಲ್ಲ. ನನ್ನ ಕಾರ್ಡ್‌ನಲ್ಲಿ ಮಾತ್ರ ಅದೇ ಪಾಯಿಂಟ್‌ಗೆ ದಾರಿಗೊಂದು ಬೆಲೆ.

ಮೊದಲು ಎಲ್ಲಕ್ಕಿಂತ ಸುಲಭದ್ದು ಮಾಡಿದೆ. ಪಾಯಿಂಟ್ ಕೊಟ್ಟರೆ ಕಾರ್ಡ್‌ನ ಬಿಲ್ಲಿನಲ್ಲಿ ಅಷ್ಟು ಕಡಿಮೆ ಮಾಡುತ್ತಾರೆ. ಪಾಯಿಂಟ್‌ಗೆ 20 ಪೈಸೆ. 4,000 ಪಾಯಿಂಟ್ ಹಾಕಿದೆ, 800 ರೂಪಾಯಿ ಆಯಿತು. ಆದರೆ ರಿಡೀಮ್ ಮಾಡಿದ್ದಕ್ಕೆ, ಅಂದರೆ ಪಾಯಿಂಟ್ ಬಳಸಿದ್ದಕ್ಕೆ ಅಂತ 99 ರೂಪಾಯಿ ಫೀಸು, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 116 ರೂಪಾಯಿ 82 ಪೈಸೆ ಬಿಲ್ಲಿಗೆ ಸೇರಿತು. ಉಳಿದದ್ದು 683. ಪಾಯಿಂಟ್‌ಗೆ 17 ಪೈಸೆ ಬಿತ್ತು. ಇನ್ನೊಂದು ಎಚ್ಚರಿಕೆ ಬೇಕು, ಹೀಗೆ ಜಮೆ ಆದ ದುಡ್ಡನ್ನು ನೀವು ಕಟ್ಟಿದ ಕಂತು ಅಂತ ಲೆಕ್ಕ ಹಿಡಿಯುವುದಿಲ್ಲ. ಮಿನಿಮಮ್ ಡ್ಯೂ, ಅಂದರೆ ಬಿಲ್ಲಿನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ, ಬೇರೆಯೇ ಕಟ್ಟಬೇಕು. ನಾನು ಕಟ್ಟಿದ್ದೆ, ಇಲ್ಲದಿದ್ದರೆ ಲೇಟ್ ಫೀಸು, ಬಡ್ಡಿ ಅಂತ ಈ 683 ಅಲ್ಲಿಗೇ ಹೋಗುತ್ತಿತ್ತು. ಹಾಗೆಯೇ ಫೀಸು ಪ್ರತಿ ಸಲಕ್ಕೂ ಉಂಟು, ಚೂರು ಚೂರು ಮಾಡಿ ತೆಗೆದರೆ ಜಾಸ್ತಿ ನಷ್ಟ. ನಾನು ನೋಡಲಿಕ್ಕಾಗಿಯೇ ಪಾಲು ಮಾಡಿದ್ದು, ನೀವು ಹಾಗೆ ಮಾಡಬೇಡಿ.

ಎರಡನೆಯದು ವೋಚರ್, ಅಂಗಡಿಯಲ್ಲಿ ದುಡ್ಡಿನ ಬದಲು ಕೊಡುವ ಕೂಪನ್. ಇಲ್ಲಿ ಪಾಯಿಂಟ್‌ಗೆ 35 ಪೈಸೆ. ಬಟ್ಟೆ ಅಂಗಡಿಯ 1,500 ರೂಪಾಯಿಯ ವೋಚರ್‌ಗೆ 4,286 ಪಾಯಿಂಟ್ ಹೋಯಿತು. ಆ ಅಂಗಡಿ ನಮ್ಮ ಹತ್ತಿರ ಇಲ್ಲ, ಮಂಗಳೂರಿಗೇ ಹೋಗಬೇಕು. ಒಂದು ಅಂಗಿಗಾಗಿ ಬಸ್ಸು ಹತ್ತಿ ಹೋಗಿಬರುವ ಖರ್ಚು ಯಾಕೆ ಅಂತ ನೀರ್ಚಾಲಿನ ಗೆಳೆಯನನ್ನು ಕೇಳಿದೆ. ಅವನ ಮನೆಯಲ್ಲಿ ಮದುವೆ ಇತ್ತು, ಹೇಗೂ ಅಲ್ಲಿಗೆ ಜವಳಿಗೆ ಹೋಗುವವನು. 1,400 ಕೊಟ್ಟು ತೆಗೆದುಕೊಂಡ. ಫೀಸು ಕಳೆದು ನನಗೆ 1,283 ಉಳಿಯಿತು, ಪಾಯಿಂಟ್‌ಗೆ 30 ಪೈಸೆ. ಅವನಿಗೆ 100 ಲಾಭ, ನನಗೂ ಬೇಜಾರಿಲ್ಲ. ಅದೇ ಪುಟದಲ್ಲಿ ಮಿಕ್ಸಿ, ಬ್ಯಾಗು ಎಲ್ಲ ಇದ್ದವು. ಕಾಸರಗೋಡು ಪೇಟೆಯಲ್ಲಿ ಅದೇ ಮಿಕ್ಸಿಗೆ 700 ರೂಪಾಯಿ ಕಡಿಮೆ ಇತ್ತು. ಅದನ್ನು ಅಲ್ಲಿಗೇ ಬಿಟ್ಟೆ.

ಮೂರನೆಯದು ವಿಮಾನ ಟಿಕೆಟ್, ನನಗೆ ನಿಜವಾಗಿ ದುಡ್ಡು ಬಂದದ್ದು ಇಲ್ಲಿ. ನಮ್ಮ ಕಾಸರಗೋಡಿನಲ್ಲಿ ಗಲ್ಫಿಗೆ ಹೋಗುವವರು ಇಲ್ಲದ ಊರು ಕಡಿಮೆ. ನನ್ನ ಅತ್ತೆಯ ಮಗ ದುಬೈಯಲ್ಲಿದ್ದಾನೆ, ರಜೆಗೆ ಬಂದಿದ್ದ, ವಾಪಸ್ ಟಿಕೆಟ್ ಹುಡುಕುತ್ತಿದ್ದ. ಕಾರ್ಡ್‌ನವರ ಟ್ರಾವೆಲ್ ಪುಟದಲ್ಲಿ ಪಾಯಿಂಟ್‌ಗೆ 50 ಪೈಸೆ, ಆದರೆ ಟಿಕೆಟ್ ಬೆಲೆಯ 70 ಪರ್ಸೆಂಟ್‌ವರೆಗೆ ಮಾತ್ರ ಪಾಯಿಂಟ್ ಹಾಕಬಹುದು, ಉಳಿದದ್ದು ಕಾರ್ಡ್‌ನಲ್ಲೇ ಕಟ್ಟಬೇಕು. ಮಂಗಳೂರು–ದುಬೈ ಟಿಕೆಟ್ ಅಲ್ಲಿ 9,750 ತೋರಿಸಿತು, ವಿಮಾನ ಕಂಪನಿಯ ಸ್ವಂತ ಪುಟದಲ್ಲಿ 9,400. ಈ ವ್ಯತ್ಯಾಸ ನೋಡದೆ ಬುಕ್ ಮಾಡಬಾರದು, ಕೆಲವೊಮ್ಮೆ ಪಾಯಿಂಟ್‌ನ ಲಾಭ ಪೂರ್ತಿ ಅಲ್ಲೇ ಕರಗುತ್ತದೆ. ನಾನು 12,000 ಪಾಯಿಂಟ್ ಹಾಕಿದೆ, ಅಂದರೆ 6,000 ರೂಪಾಯಿ, ಉಳಿದ 3,750 ಕಾರ್ಡ್‌ಗೆ. ಅವನು ನನಗೆ ಕೊಟ್ಟದ್ದು 9,400. ಹೊರಗೆ ತೆಗೆದುಕೊಂಡರೂ ಅವನಿಗೆ ಅಷ್ಟೇ ಆಗುತ್ತಿತ್ತು, ಅವನಿಂದ ಜಾಸ್ತಿ ತೆಗೆದುಕೊಳ್ಳುವುದು ಸರಿಯಲ್ಲ. ಫೀಸು ಕಳೆದು ನನಗೆ 5,533 ಉಳಿಯಿತು. ಪಾಯಿಂಟ್‌ಗೆ 46 ಪೈಸೆ! ಬಿಲ್ಲಿಗೆ ಜಮೆ ಮಾಡಿದ್ದರೆ ಇದೇ 12,000ಕ್ಕೆ 2,400 ಸಿಗುತ್ತಿತ್ತು, ಅದರಲ್ಲೂ ಫೀಸು ಕಳೆಯಬೇಕು.

ಬುಕ್ ಮಾಡುವ ಮೊದಲೇ ಅವನ ಹತ್ತಿರ ಒಂದು ಮಾತು ಆಡಿಕೊಂಡಿದ್ದೆ. ಟಿಕೆಟ್ ಕ್ಯಾನ್ಸಲ್ ಆದರೆ ಪಾಯಿಂಟ್ ಮತ್ತು ದುಡ್ಡು ಎರಡೂ ನನ್ನ ಕಾರ್ಡ್‌ಗೇ ವಾಪಸ್ ಬರುವುದು, ಆಗ ಅವನಿಗೆ ನಾನು ಎಷ್ಟು ಕೊಡಬೇಕು, ಕ್ಯಾನ್ಸಲ್ ಚಾರ್ಜ್ ಯಾರದ್ದು ಅಂತ. ಸಂಬಂಧಿಕರಲ್ಲಿ ದುಡ್ಡಿನ ವಿಷಯ ಬಾಯಿ ಬಿಟ್ಟು ಹೇಳುವುದು ಒಳ್ಳೆಯದು.

ನಾಲ್ಕನೆಯದನ್ನು ಬರೆಯಲಿಕ್ಕೆ ಸಿಟ್ಟು ಬರುತ್ತದೆ. ಪಾಯಿಂಟ್ ಕೊಳ್ಳುವ ದಲ್ಲಾಳಿಗಳು ಇದ್ದಾರೆ. ಪರಿಚಯದವರೊಬ್ಬರು ಅಂಥವನ ನಂಬರ್ ಕೊಟ್ಟರು. ಮೊದಲು ಅವನು ಕೇಳಿದ್ದು ನನ್ನ ಲಾಗಿನ್ ಮತ್ತು ಫೋನಿಗೆ ಬರುವ ಒಟಿಪಿ, "ಐದು ನಿಮಿಷದ ಕೆಲಸ, ನಾನೇ ಮಾಡಿಕೊಳ್ತೇನೆ" ಅಂತ. ಆಗುವುದಿಲ್ಲ ಅಂದೆ. ಒಟಿಪಿ ಕೊಟ್ಟರೆ ಪಾಯಿಂಟ್ ಮಾತ್ರ ಅಲ್ಲ, ಕಾರ್ಡ್‌ನ ಲಿಮಿಟ್ಟೇ ಅವನ ಕೈಗೆ ಕೊಟ್ಟ ಹಾಗೆ. ಹಾಗಾದರೆ ನೀವೇ ವೋಚರ್ ತೆಗೆದು ಕೋಡ್ ಕಳಿಸಿ, 1,000ಕ್ಕೆ 800 ಕೊಡ್ತೇನೆ ಅಂದ. ಇದರಲ್ಲಿ ದೊಡ್ಡ ಅಪಾಯ ಇಲ್ಲ ಅಂತ 2,857 ಪಾಯಿಂಟ್‌ಗೆ 1,000ದ ವೋಚರ್ ತೆಗೆದೆ. ಅರ್ಧ ದುಡ್ಡು 400 ಮೊದಲು ಹಾಕಿದ. ಕೋಡ್ ಕಳಿಸಿದೆ. ಉಳಿದ 400 ಇವತ್ತಿಗೂ ಬಂದಿಲ್ಲ, ಫೋನ್ ಎತ್ತುವುದಿಲ್ಲ. ಫೀಸು ಕಳೆದು 283 ರೂಪಾಯಿ, ಪಾಯಿಂಟ್‌ಗೆ 10 ಪೈಸೆಯೂ ಪೂರ್ತಿ ಇಲ್ಲ. ವೋಚರ್ ಕೋಡ್ ನೋಟಿನ ಹಾಗೆ, ಹೇಳಿದ ಕ್ಷಣ ಅದು ಕೇಳಿದವನದ್ದು.

ಬ್ಯಾಂಕಿಗೆ ದೂರು ಕೊಡುವ ಹಾಗೂ ಇಲ್ಲ. ಪಾಯಿಂಟ್ ಇನ್ನೊಬ್ಬರಿಗೆ ಮಾರುವ ಹಾಗಿಲ್ಲ ಅಂತ ಕಾರ್ಡ್‌ನ ನಿಯಮದಲ್ಲೇ ಬರೆದಿರುತ್ತಾರೆ, ಗೊತ್ತಾದರೆ ಇರುವ ಪಾಯಿಂಟನ್ನೂ ರದ್ದು ಮಾಡಬಹುದು, ಕಾರ್ಡನ್ನೇ ನಿಲ್ಲಿಸಬಹುದು. ದಲ್ಲಾಳಿಗಳಿಗೆ ಈ ವಿಷಯ ನಮಗಿಂತ ಚೆನ್ನಾಗಿ ಗೊತ್ತು. ಇನ್ನು ಕೆಲವರು ಅಪರಿಚಿತರ ಹೆಸರಲ್ಲಿ ಟಿಕೆಟ್ ಬುಕ್ ಮಾಡಿಕೊಡಿ ಅನ್ನುತ್ತಾರೆ. ಆ ಪ್ರಯಾಣಿಕ ಯಾರು, ಏನು ಅಂತ ನಮಗೆ ಗೊತ್ತಿಲ್ಲ, ದುಡ್ಡು ಕಟ್ಟಿದ ಕಾರ್ಡ್ ಮಾತ್ರ ನಮ್ಮದು. ಯಾರಾದರೂ ಆಗಲೇ ಒಟಿಪಿ ಕೊಟ್ಟು ದುಡ್ಡು ಹೋಗಿದ್ದರೆ ನಾಚಿಕೆ ಪಡುತ್ತಾ ಕೂರಬೇಡಿ, ಕೂಡಲೇ ಕಾರ್ಡ್ ಬ್ಲಾಕ್ ಮಾಡಿಸಿ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಗೆ ಇರುವ ದೇಶದ ಸಹಾಯವಾಣಿ, ಬೇಗ ಹೇಳಿದಷ್ಟು ದುಡ್ಡು ತಡೆಹಿಡಿಯುವ ಅವಕಾಶ ಜಾಸ್ತಿ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಮನೆಯಲ್ಲಿ ಯಾರಾದರೂ ಹೇಗೂ ವಿಮಾನ ಹತ್ತುವವರಿದ್ದರೆ ಪಾಯಿಂಟ್ ಅವರ ಟಿಕೆಟ್‌ಗೆ ಹಾಕಿ, ಅವರು ಕೊಡಬೇಕಾದ ದುಡ್ಡು ನೀವು ತೆಗೆದುಕೊಳ್ಳಿ. ಯಾರೂ ಇಲ್ಲದಿದ್ದರೆ ನೀವೇ ಬಳಸುವ ಅಂಗಡಿಯ ವೋಚರ್. ಬಿಲ್ಲಿಗೆ ಜಮೆ ಮಾಡುವುದು, ನಾಳೆ ಪಾಯಿಂಟ್ ಸಾಯುತ್ತದೆ ಅನ್ನುವಾಗ ಮಾತ್ರ. ಹಳೆಯ ಪಾಯಿಂಟ್ ಮೊದಲು ಖರ್ಚಾದ ಕಾರಣ ನನ್ನ ಆಸ್ಪತ್ರೆ ಬಿಲ್ಲಿನ 8,000 ಸುಮ್ನೆ ಹಾಳಾಗಲಿಲ್ಲ, ಅದೊಂದು ಸಮಾಧಾನ.

ಈಗ ಕೈಯಲ್ಲಿ ಇರುವುದು 857 ಪಾಯಿಂಟ್. ಡಿಸೆಂಬರಿನಲ್ಲಿ ಅತ್ತೆಯನ್ನು ಮಗ ದುಬೈಗೆ ಕರೆಸಿಕೊಳ್ಳುತ್ತಾನಂತೆ, ಅಷ್ಟರಲ್ಲಿ ಇನ್ನೂ ಸ್ವಲ್ಪ ಸೇರಬಹುದು. 2018ರಲ್ಲಿ ಕಣ್ಣೂರಿನಲ್ಲೂ ವಿಮಾನ ನಿಲ್ದಾಣ ಶುರುವಾದ ಮೇಲೆ ನಮಗೆ ಎರಡು ಕಡೆಯ ದರ ನೋಡುವ ಅನುಕೂಲ ಉಂಟು. ಮಂಗಳೂರಿನ ಬಜ್ಪೆಯೋ ಕಣ್ಣೂರೋ ಅಂತ ವಾರಕ್ಕೊಮ್ಮೆ ನೋಡಿ ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ.