ಗೂಗಲ್‌ನ ಇನಾಕ್ಟಿವ್ ಅಕೌಂಟ್ ಮ್ಯಾನೇಜರ್: ಅಪ್ಪ ಮಾಡಿಟ್ಟು ಹೋದ ಏರ್ಪಾಡು

ಅಕೌಂಟ್ ಬಳಕೆ ನಿಂತು ನಾವು ಹೇಳಿದಷ್ಟು ತಿಂಗಳು ಕಳೆದರೆ, ನಾವು ಹೆಸರು ಕೊಟ್ಟವರಿಗೆ ಮೇಲ್ ಕಳಿಸಿ, ನಾವು ಆರಿಸಿದ ಫೋಟೋ, ಫೈಲುಗಳನ್ನು ಕೊಡುವ ಸೌಲಭ್ಯ ಇದು. ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಆದರೆ ಒಂದು ವಿಷಯ ಮೊದಲೇ ಗೊತ್ತಿರಲಿ. ಮನುಷ್ಯ ತೀರಿಕೊಂಡರು ಅಂತ ಇದಕ್ಕೆ ತಾನಾಗಿ ತಿಳಿಯುವುದಿಲ್ಲ. ಅಕೌಂಟಿನಲ್ಲಿ ಓಡಾಟ ನಿಂತು ಎಷ್ಟು ಸಮಯ ಆಯಿತು ಅಂತ ಲೆಕ್ಕ ಹಾಕುತ್ತದೆ, ಅಷ್ಟೇ. ನಮ್ಮ ಮನೆಯಲ್ಲಿ ವಿಷಯ ಸಿಕ್ಕಿಹಾಕಿಕೊಂಡದ್ದು ಅಲ್ಲೇ.

ಅಪ್ಪ ಉಡುಪಿ ಕಿನ್ನಿಮುಲ್ಕಿಯವರು, ಶಾಲೆ ಮೇಷ್ಟ್ರಾಗಿ ರಿಟೈರ್ ಆದವರು. ಯಕ್ಷಗಾನದ ಹುಚ್ಚು ಜಾಸ್ತಿ. ಬಯಲಾಟ ಎಲ್ಲಿದ್ದರೂ ಹೋಗಿ, ರಂಗಸ್ಥಳದ ಎದುರು ಕೂರುವುದಕ್ಕಿಂತ ವೇಷ ಕಟ್ಟುವ ಚೌಕಿಯಲ್ಲೇ ಹೆಚ್ಚು ಹೊತ್ತು ಇರುತ್ತಿದ್ದರು. ಬಣ್ಣ ಅರ್ಧ ಬಳಿದ ಮುಖ, ತಲೆಗೆ ಕೇದಗೆ ಮುಂದಲೆ ಕಟ್ಟುತ್ತಿರುವ ಬೆರಳು, ಗೆಜ್ಜೆ ಕಟ್ಟಿಕೊಂಡು ಚಾ ಕುಡಿಯುವ ಸ್ತ್ರೀವೇಷ. ಆ ಫೋಟೋಗಳೆಲ್ಲ ಗೂಗಲ್ ಫೋಟೋಸ್‌ನಲ್ಲಿದ್ದವು.

ಮಣಿಪಾಲದಲ್ಲಿ ಓದುವ ಅಕ್ಕನ ಮಗ ಅಪ್ಪನ ಪಕ್ಕ ಕೂತು ಇದನ್ನು ಸೆಟ್ ಮಾಡಿಕೊಟ್ಟಿದ್ದ. 2013ರಿಂದಲೂ ಇರುವ ಸೌಲಭ್ಯ ಇದು, ಆದರೂ ಕೇಳಿದವರು ಕಡಿಮೆ. ಎಷ್ಟು ತಿಂಗಳು ಕಾಯಬೇಕು ಅಂತ ನಾವೇ ಹೇಳಬೇಕು. ಅಪ್ಪ 3 ತಿಂಗಳು ಹಾಕಿದ್ದರು. 10 ಜನರ ಹೆಸರು ಕೊಡಬಹುದು, ಅವರು ಕೊಟ್ಟದ್ದು ನನ್ನೊಬ್ಬಳದ್ದು. ಏನೇನು ಸಿಗಬೇಕು ಅಂತಲೂ ಟಿಕ್ ಮಾಡಬೇಕು. ಫೋಟೋಸ್, ಡ್ರೈವ್ ಎರಡಕ್ಕೆ ಮಾತ್ರ ಟಿಕ್ ಹಾಕಿದ್ದರು. ಜಿಮೇಲ್‌ಗೆ ಹಾಕಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಅಪ್ಪ ಹೋದರು. ಉತ್ತರಕ್ರಿಯೆ ಮುಗಿಯಿತು, ನಾನು ಮಂಗಳೂರಿಗೆ ವಾಪಸ್ ಬಂದೆ. ಮೂರು ತಿಂಗಳು ಕಳೆದರೂ ಮೇಲ್ ಇಲ್ಲ. ಕಾರಣ ಊರಿಗೆ ಹೋದಾಗ ಕಣ್ಣಿಗೆ ಬಿತ್ತು. ಅಮ್ಮ ದಿನಾ ಸಂಜೆ ಅಪ್ಪನ ಫೋನಿನಲ್ಲೇ ಯೂಟ್ಯೂಬ್ ಹಾಕಿ ತಾಳಮದ್ದಳೆ ಕೇಳುತ್ತಿದ್ದರು. ಲಾಗಿನ್, ಜಿಮೇಲ್ ಬಳಕೆ, ಆಂಡ್ರಾಯ್ಡ್ ಫೋನ್ ತಾನಾಗಿ ಗೂಗಲ್‌ಗೆ ಕೊಡುವ ಹಾಜರಿ ಎಲ್ಲವೂ ಓಡಾಟದ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಗೂಗಲ್ ಪ್ರಕಾರ ಅಪ್ಪ ದಿನಾ ಸಂಜೆ ತಾಳಮದ್ದಳೆ ಕೇಳುತ್ತಲೇ ಇದ್ದರು.

“ಫೋನಿನ ಪ್ಯಾಟರ್ನ್ ಅತ್ತೆಗೆ ಗೊತ್ತುಂಟಲ್ಲ, ಎಲ್ಲ ಈಗಲೇ ತೆಗೆದುಬಿಡುವ” ಅಂದರು ಭಾವ. ತೆಗೆಯಬಹುದಿತ್ತು. ಆದರೆ ಫೋನ್ ತೆರೆದರೆ ಜಿಮೇಲ್ ಕೂಡ ತೆರೆದುಕೊಳ್ಳುತ್ತದೆ. ಅಪ್ಪ ಬೇಕೆಂದೇ ಟಿಕ್ ಹಾಕದೆ ಬಿಟ್ಟದ್ದನ್ನು ನಾವು ಯಾಕೆ ನೋಡಬೇಕು, ಅಲ್ವಾ? ಅದೇ ಫೋನಿನಲ್ಲಿ ಅಮ್ಮನಿಗೆ ಅವರದ್ದೇ ಅಕೌಂಟ್ ಮಾಡಿ, ಅಪ್ಪನದ್ದನ್ನು ಫೋನಿನಿಂದ ಮಾತ್ರ ತೆಗೆದೆವು. ತಾಳಮದ್ದಳೆ ನಿಲ್ಲಲಿಲ್ಲ.

ಅವಧಿ ಮುಗಿಯುವ ಮೊದಲು ಗೂಗಲ್ ಅಕೌಂಟಿನವರಿಗೇ ಎಚ್ಚರಿಕೆಯ ಮೆಸೇಜ್ ಕಳಿಸುತ್ತದೆ. ಅದು ಅಪ್ಪನ ಸಿಮ್ಮಿಗೆ ಬಂತು. ಅಮ್ಮ ಯಾರೋ ಮೋಸಗಾರರು ಅಂತ ಹೆದರಿ ನನಗೆ ಫೋನ್ ಮಾಡಿದರು. ಸಿಮ್ ಅಂದಾಗ ನೆನಪಾಯಿತು, ರೀಚಾರ್ಜ್ ನಿಲ್ಲಿಸಬೇಡಿ. 90 ದಿನ ಬಳಕೆ ಇಲ್ಲದಿದ್ದರೆ ನಂಬರ್ ಕಟ್ ಆಗಬಹುದು, ಆಮೇಲೆ ಬೇರೆಯವರ ಪಾಲಾಗುತ್ತದೆ. ಒಟಿಪಿಗಳೂ ಅವರಿಗೇ. ಮರಣ ಪ್ರಮಾಣಪತ್ರ ಕೊಟ್ಟು ಅಮ್ಮನ ಹೆಸರಿಗೆ ಮಾಡಿಸಿಕೊಂಡೆವು.

ಕೊನೆಗೆ ಮೇಲ್ ಬಂತು. ಜೊತೆಗೆ ಅಪ್ಪ ಬರೆದಿಟ್ಟ ನಾಲ್ಕು ಸಾಲು: “ಫೋಟೋ ಪೂರಾ ಇದರಲ್ಲಿ ಉಂಟು. ಮೇಳದವರು ಯಾರಾದರೂ ಕೇಳಿದರೆ ಕೊಡು. ದುಡ್ಡು ತೆಗೆದುಕೊಳ್ಳಬೇಡ. ಮಸುಕು ಬಂದದ್ದನ್ನು ಡಿಲೀಟ್ ಮಾಡು.” ಮೇಷ್ಟ್ರು ನೋಡಿ, ಹೋದ ಮೇಲೂ ಹೋಮ್‌ವರ್ಕ್. ನನ್ನ ಮೊಬೈಲಿಗೆ ಬಂದ ಕೋಡ್ ಹಾಕಿದ ಮೇಲೆ ಡೌನ್‌ಲೋಡ್ ಶುರುವಾಯಿತು. ಪಾಸ್‌ವರ್ಡ್ ಕೊಡುವುದಿಲ್ಲ, ಅವರ ಹೆಸರಲ್ಲಿ ಮೇಲ್ ಕಳಿಸಲೂ ಆಗುವುದಿಲ್ಲ. ಅದು ಸರಿಯೇ. ಇಳಿಸಿಕೊಳ್ಳಲು ಸಮಯಕ್ಕೆ ಮಿತಿ ಇದೆ, ಹಾಗಾಗಿ ಆಮೇಲೆ ನೋಡುವ ಅಂತ ಬಿಡಬೇಡಿ. ಹಾರ್ಡ್ ಡಿಸ್ಕ್‌ನಲ್ಲಿ ಜಾಗ ಬೇಕು, ಕರೆಂಟ್ ಇರುವ ರಾತ್ರಿ ಬೇಕು.

ಫೇಸ್‌ಬುಕ್‌ನಲ್ಲಿ ಅಪ್ಪ ಏನೂ ಮಾಡಿರಲಿಲ್ಲ. ಹಳೇ ವಿದ್ಯಾರ್ಥಿಗಳು “ಹ್ಯಾಪಿ ಬರ್ತ್‌ಡೇ ಸರ್” ಅಂತ ಹಾಕುತ್ತಿದ್ದರು. ಪ್ರಮಾಣಪತ್ರ ಕಳಿಸಿದ ಮೇಲೆ ಹೆಸರಿನ ಜೊತೆ ‘ರಿಮೆಂಬರಿಂಗ್’ ಅಂತ ಬಂತು, ಹುಟ್ಟುಹಬ್ಬದ ನೆನಪೋಲೆ ನಿಂತಿತು. ಬ್ಯಾಂಕ್, ಯುಪಿಐ ಕತೆಯೇ ಬೇರೆ. ಅದು ನಾಮಿನಿ, ಕಾಗದಪತ್ರದ ದಾರಿ. ಹೋದವರ ಪಿನ್ ಹಾಕಿ ದುಡ್ಡು ತೆಗೆಯಲು ಹೋಗಬೇಡಿ.

ಒಂದು ಸ್ಟಾರ್ ಯಾಕೆ ಕಡಿಮೆ ಅಂದರೆ, ಈ ಸೆಟ್ಟಿಂಗ್ ‘ಡೇಟಾ ಮತ್ತು ಪ್ರೈವಸಿ’ಯ ಒಳಗೆ ಎಲ್ಲೋ ತಳದಲ್ಲಿದೆ. ಹುಡುಕದವರಿಗೆ ಸಿಗುವುದಿಲ್ಲ. ಏನೂ ಮಾಡದೆ ಹೋದವರ ಮನೆಯವರು ಪ್ರಮಾಣಪತ್ರ ಹಿಡಿದು ಅರ್ಜಿ ಹಾಕಬಹುದು, ಆದರೆ ಕೊಟ್ಟೇ ಕೊಡುತ್ತಾರೆ ಅಂತಿಲ್ಲ. 2 ವರ್ಷ ಯಾರೂ ಮುಟ್ಟದ ಅಕೌಂಟನ್ನು ಗೂಗಲ್ ಅಳಿಸಿಹಾಕಬಹುದು. ಆ ನಿಯಮ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ.

ಅಮ್ಮನ ಹೊಸ ಅಕೌಂಟಿಗೂ ಇದನ್ನು ಹಾಕಿಸಿದೆ. ಯಾರ ಹೆಸರು ಕೊಡುವುದು ಅಂತ ಕೇಳಿದರೆ ಅಕ್ಕನದ್ದು ಹಾಕು ಅಂದರು. “ನೀನು ಎಲ್ಲ ಓದುತ್ತಿ.”