ಡಬ್ಬಿಯ ಮೇಲೆ '550 ಗಂಟೆ' ಅಂತ ಇದ್ದರೆ ಹುಷಾರು

ಶಿರಸಿ ಹತ್ತಿರದ ನಮ್ಮ ಊರಲ್ಲಿ ಅಮ್ಮಮ್ಮನಷ್ಟು ಮದುವೆ ಹಾಡು ಬರುವವರು ಈಗ ಯಾರೂ ಇಲ್ಲ. ಅವಳಿಗೆ 84 ವರ್ಷ. ಈ ಮಳೆಗಾಲದಲ್ಲಿ ಹಾಡೆಲ್ಲ ರೆಕಾರ್ಡ್ ಮಾಡಿಟ್ಟುಕೊಳ್ಳೋಣ ಅಂತ 1,100 ರೂಪಾಯಿ ಕೊಟ್ಟು ಒಂದು ವಾಯ್ಸ್ ರೆಕಾರ್ಡರ್ ತಂದೆ. ಮೊಬೈಲ್ ಇರುವಾಗ ಇದೆಂತಕ್ಕೆ ಅಂತ ಆಯಿ ಕೇಳಿದ್ದಳು. ಅವಳ ಮಾತು ಕೇಳಬೇಕಿತ್ತು.

ಎಲ್ಲೂ ಹೆಸರು ಕೇಳಿರದ ಕಂಪನಿ. ಡಬ್ಬಿಯ ಮೇಲೆ ದೊಡ್ಡದಾಗಿ '8 ಜಿಬಿ, 550 ಗಂಟೆ'. ನಾನು ಬಿದ್ದಿದ್ದೇ ಅದಕ್ಕೆ.

ಅಮ್ಮಮ್ಮ ಕವಳ ಉಗಿದು, ಬಾಯಿ ತೊಳೆದು ಬಂದು, ಜಗಲಿ ಗೋಡೆಗೆ ಒರಗಿ ಕೂತು ಮುಕ್ಕಾಲು ಗಂಟೆ ಹಾಡು ಹೇಳಿದಳು. ಒಟ್ಟು ಒಂಬತ್ತು. ಮಿಷಿನ್ನಿನ ಕೆಂಪು ದೀಪ ಆಗಾಗ ಮಿಣುಕುತ್ತಿತ್ತು. ಹಾಗೇ ಇರಬೇಕು ಅಂದುಕೊಂಡೆ. ರಾತ್ರಿ ಇಯರ್‌ಫೋನ್ ಹಾಕಿದರೆ ಫೈಲು ಇದ್ದಿದ್ದು 26 ನಿಮಿಷ! ಅವಳು ಮೆಲ್ಲಗೆ 'ಶೋಭಾನೆ' ಅಂತ ಎತ್ತಿದ ಕಡೆಯೆಲ್ಲ ಬರೀ 'ಭಾನೆ'. ಉಸಿರು ತೆಗೆದುಕೊಂಡ ಜಾಗವೇ ಇಲ್ಲ. ಒಂದು ಸಾಲಿನ ಬಾಲಕ್ಕೆ ಇನ್ನೊಂದರ ತಲೆ ಅಂಟಿಕೊಂಡಿದೆ. ಜೋರು ಮಳೆ ಹೊಡೆಯುವಾಗ ಹೇಳಿದ ಒಂದು ಹಾಡು ಮಾತ್ರ ಪೂರ್ತಿ ಉಳಿದಿದೆ. ಅದರಲ್ಲಿ ಹಾಡಿಗಿಂತ ಮಳೆಯೇ ಜಾಸ್ತಿ.

ಮೆನು ತಡಕಾಡಿದಾಗ ಗೊತ್ತಾಯಿತು, 'ವಿಒಆರ್' ಅನ್ನುವುದು ಮೊದಲೇ ಆನ್ ಆಗಿತ್ತು. ಸದ್ದು ಬಂದರೆ ರೆಕಾರ್ಡ್ ಮಾಡು, ಸುಮ್ಮನಾದರೆ ನಿಲ್ಲು ಅನ್ನುವ ಏರ್ಪಾಡು ಅದು. ಮತ್ತೆ ಸದ್ದು ಹಿಡಿದು ಶುರುವಾಗುವಷ್ಟರಲ್ಲಿ ಮೊದಲ ಅಕ್ಷರ ಹೋಗಿರುತ್ತದೆ. ಮಳೆ ನಿಲ್ಲಲಿಲ್ಲ, ಹಾಗಾಗಿ ಆಗ ಮಿಷಿನ್ನೂ ನಿಲ್ಲಲಿಲ್ಲ. ಮೀಟಿಂಗಿಗೆ ಸರಿ ಇರಬಹುದು, ಹಾಡಿಗೆ ಖಂಡಿತ ಅಲ್ಲ.

ಅದನ್ನು ಆಫ್ ಮಾಡಿದರೂ ದನಿ ಡಬ್ಬದೊಳಗಿಂದ ಬಂದ ಹಾಗೇ. ಆಮೇಲೆ ಲೆಕ್ಕ ಹಾಕಿದೆ. 8 ಜಿಬಿಯಲ್ಲಿ 550 ಗಂಟೆ ಅಂದರೆ ಗಂಟೆಗೆ ಬರೀ 14-15 ಎಂಬಿ, ಅಂದರೆ ಸುಮಾರು 32 ಕೆಬಿಪಿಎಸ್ (ಒಂದು ಸೆಕೆಂಡಿನ ದನಿಗೆ ಎಷ್ಟು ಮಾಹಿತಿ ಉಳಿಸುತ್ತದೆ ಅನ್ನುವ ಅಳತೆ; ಕಡಿಮೆ ಆದಷ್ಟೂ ದನಿ ಕೆಡುತ್ತದೆ). 128 ಕೆಬಿಪಿಎಸ್ ಎಂಪಿ3ಗೇ ಗಂಟೆಗೆ 58 ಎಂಬಿ ಹತ್ತಿರ ಬೇಕು. ದನಿಯನ್ನು ಹಿಂಡದೇ ಇಡುವ, ಸಿಡಿ ಗುಣಮಟ್ಟದ ವೇವ್ ಫೈಲಿಗೆ 600 ಎಂಬಿಗೂ ಜಾಸ್ತಿ. ಅಷ್ಟೇ ಜಿಬಿಗೆ ಡಬ್ಬಿಯ ಮೇಲೆ ಗಂಟೆ ಜಾಸ್ತಿ ಬರೆದಷ್ಟೂ ದನಿಯನ್ನು ಹಿಂಡಿದ್ದಾರೆ ಅಂತಲೇ ಅರ್ಥ. ನನ್ನದರಲ್ಲಿ 64 ಕೆಬಿಪಿಎಸ್‌ಗಿಂತ ಮೇಲೆ ಹೋಗಲು ದಾರಿಯೇ ಇರಲಿಲ್ಲ.

ವಾಪಸ್ ಕೊಡಲು ಹೋದರೆ ಅಂಗಡಿಯವರು, "ಮಿಷಿನ್ ಸರಿಯಾಗೇ ಇದ್ಯಲ್ಲ ಮಾರಾಯ್ರೆ" ಅಂದರು. ಅದೂ ಸುಳ್ಳಲ್ಲ, ಅಲ್ವಾ?

ತೆಗೆದುಕೊಳ್ಳಲೇಬೇಕು ಅಂತಿದ್ದರೆ ಅಂಗಡಿಯಲ್ಲೇ ಆನ್ ಮಾಡಿಸಿ. ಹತ್ತು ಸೆಕೆಂಡ್ ಸುಮ್ನೆ ಇದ್ದು, ಆಮೇಲೆ ಮೆಲ್ಲಗೆ ಏನಾದರೂ ಹೇಳಿ. ಫೈಲಿನಲ್ಲಿ ಆ ಹತ್ತು ಸೆಕೆಂಡ್ ಕಾಣದಿದ್ದರೆ ವಿಒಆರ್ ಆನ್ ಇದೆ, ಆಫ್ ಮಾಡಲು ಬರುತ್ತದಾ ನೋಡಿ. ವೇವ್ ಅಥವಾ ಕನಿಷ್ಠ 128 ಕೆಬಿಪಿಎಸ್ ಇದೆಯಾ ಕೇಳಿ. ಇಯರ್‌ಫೋನ್ ಜೇಬಲ್ಲಿಟ್ಟುಕೊಂಡೇ ಹೋಗಿ, ಅದರ ಪುಟ್ಟ ಸ್ಪೀಕರಿನಲ್ಲಿ ಏನೂ ತಿಳಿಯುವುದಿಲ್ಲ.

ಮರುದಿನ ಮೊಬೈಲನ್ನೇ ಏರೋಪ್ಲೇನ್ ಮೋಡಿಗೆ ಹಾಕಿ, ಮಡಚಿದ ಟವೆಲ್ ಮೇಲೆ ಇಟ್ಟು ರೆಕಾರ್ಡ್ ಮಾಡಿದೆ. ಎಷ್ಟೋ ವಾಸಿ. ಆದರೆ ಅಮ್ಮಮ್ಮ ಆರೇ ಹಾಡು ಹೇಳಿದಳು. ಉಳಿದ ಮೂರಕ್ಕೆ, "ಈಗ ಬತ್ತಿಲ್ಲೆ ತಮಾ, ನೆನಪಾದಾಗ ಹೇಳ್ತಿ" ಅಂದಳು. ಆ ಮೂರರಲ್ಲಿ ಒಂದು, ಮಳೆ ಜೊತೆ ಸಿಕ್ಕಿದ್ದ ಹಾಡು.