ಟಿವಿಯ ಹಿಂದಿನ ಜಾಗಕ್ಕೆ ಮೂವರ ಪೈಪೋಟಿ: ಹಳೆಯ ಲ್ಯಾಪ್‌ಟಾಪ್, ರಾಸ್ಪ್‌ಬೆರಿ ಪೈ, ಮಿನಿ ಪಿಸಿ

ಟಿವಿ ಸ್ಮಾರ್ಟ್ ಎಂದು ಡಬ್ಬಿಯ ಮೇಲೆ ಬರೆದಿತ್ತು. ಹಾರ್ಡ್‌ಡಿಸ್ಕ್ ಚುಚ್ಚಿದ ದಿನ ಅದರ ಜಾಣತನ ಎಷ್ಟೆಂದು ತಿಳಿಯಿತು. ಒಂದು ಫೈಲಿಗೆ ಚಿತ್ರ ಬಂತು, ಧ್ವನಿ ಬರಲಿಲ್ಲ. ಇನ್ನೊಂದಕ್ಕೆ ಧ್ವನಿ ಬಂತು, ಸಬ್‌ಟೈಟಲ್ ಬರಲಿಲ್ಲ. ಮೂರನೆಯದು ಫೈಲೇ ಅಲ್ಲವೆಂದು ಟಿವಿ ಹಟ ಹಿಡಿಯಿತು. ವರ್ಷಗಳಿಂದ ಕೂಡಿಟ್ಟ ಸಿನಿಮಾ, ಮನೆಯ ಸಮಾರಂಭಗಳ ವಿಡಿಯೊ, ಹಾಡು ಎಲ್ಲವನ್ನೂ ಒಂದೇ ಕಡೆಯಿಂದ ನೋಡಬೇಕೆಂದರೆ ಟಿವಿಯ ಹಿಂದೆ ಒಂದು ಪುಟ್ಟ ಕಂಪ್ಯೂಟರ್ ಬೇಕು. ಒಂದೇ ಏಟಿಗೆ ಸರಿಯಾದುದನ್ನು ಆರಿಸುವ ಅದೃಷ್ಟ ನನಗಿರಲಿಲ್ಲ. ಮೂರು ಯಂತ್ರಗಳನ್ನು ಒಂದಾದ ಮೇಲೊಂದರಂತೆ ಕೂರಿಸಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ಸಾಮಾನ್ಯ 1080ಪಿ (ಫುಲ್ ಎಚ್‌ಡಿ) ಸಿನಿಮಾವನ್ನು ಮೂರೂ ಚೆನ್ನಾಗಿ ತೋರಿಸುತ್ತವೆ. ಜಗಳವೆಲ್ಲ ರಿಮೋಟು, ಫ್ಯಾನು, ಕೇಬಲ್ಲುಗಳದ್ದು.

ಹೋಲಿಕೆ ನ್ಯಾಯವಾಗಿರಲೆಂದು ಮೂರರಲ್ಲೂ ಕೋಡಿಯನ್ನೇ ಹಾಕಿದೆ. ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರಕ್ಕಾಗಿ ಹುಟ್ಟಿ, ಎಕ್ಸ್‌ಬಿಎಂಸಿ ಎಂಬ ಹೆಸರಿನಲ್ಲಿ ಬೆಳೆದು, 2014ರಲ್ಲಿ ಕೋಡಿ ಎಂದು ಮರುನಾಮಕರಣಗೊಂಡ ಸಿನಿಮಾ, ಹಾಡುಗಳನ್ನು ಜೋಡಿಸಿಟ್ಟು ತೋರಿಸುವ ಉಚಿತ ತಂತ್ರಾಂಶ ಇದು. ಫೈಲಿನ ಹೆಸರಿನಲ್ಲಿ ಸಿನಿಮಾದ ಹೆಸರೂ ಇಸವಿಯೂ ಸರಿಯಾಗಿದ್ದರೆ ಪೋಸ್ಟರ್, ಕಥಾಸಾರ, ತಾರಾಗಣವನ್ನೆಲ್ಲ ತಾನೇ ತಂದು ಜೋಡಿಸುತ್ತದೆ. ಇಸವಿ ಬರೆಯಲು ಸೋಮಾರಿತನ ಮಾಡಿದರೆ ಅದೇ ಹೆಸರಿನ ಬೇರಾವುದೋ ಸಿನಿಮಾದ ಪೋಸ್ಟರ್ ಬಂದು ಕೂರುತ್ತದೆ. ನಾನು ಎರಡು ಭಾನುವಾರಗಳನ್ನು ಹೆಸರು ತಿದ್ದುವುದರಲ್ಲೇ ಕಳೆದೆ.

ಹಳೆಯ ಲ್ಯಾಪ್‌ಟಾಪಿನ ಕಥೆ ಚಿಕ್ಕದು. 2014ರ ಸುಮಾರಿನದು, ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು, ಖರ್ಚಿಲ್ಲ. ಆದರೆ ಟಿವಿಗೆ ಚಿತ್ರ, ಧ್ವನಿ ಕಳಿಸುವ ಅದರ ಎಚ್‌ಡಿಎಂಐ ಕಿಂಡಿ 1.4 ಕಾಲದ್ದು, 4ಕೆ (1080ಪಿಯ ನಾಲ್ಕು ಪಟ್ಟು ಚುಕ್ಕಿಗಳ) ಪರದೆಗೆ ಸೆಕೆಂಡಿಗೆ 30 ಸಲಕ್ಕಿಂತ ಹೆಚ್ಚು ಚಿತ್ರ ಕಳಿಸಲಾರದು. ಮೌಸ್ ಬಾಣ ಕೆಸರಿನಲ್ಲಿ ನಡೆದಂತೆ ಚಲಿಸುತ್ತಿತ್ತು. 4ಕೆ ಸಿನಿಮಾಗಳನ್ನು ಕುಗ್ಗಿಸಿಡಲು ಬಳಸುವ ಎಚ್‌ಇವಿಸಿ ಎಂಬ ವಿಧಾನವನ್ನು ಬಿಡಿಸುವ ಪ್ರತ್ಯೇಕ ಸರ್ಕ್ಯೂಟ್ ಇಂಟೆಲ್ ಚಿಪ್‌ಗಳಿಗೆ ಬಂದದ್ದು 2015ರ ಆರನೇ ಪೀಳಿಗೆಯಲ್ಲಿ. ಬಣ್ಣದ ಛಾಯೆಗಳು ಹೆಚ್ಚಿರುವ 10 ಬಿಟ್‌ನ ಎಚ್‌ಇವಿಸಿಗೆ ಏಳನೆಯದೇ ಬೇಕು. ನನ್ನದರಲ್ಲಿ ಎರಡೂ ಇಲ್ಲ. 4ಕೆ ಸಿನಿಮಾ ಹಾಕಿದರೆ ಪ್ರೊಸೆಸರ್ ಒಂದೇ ಎಲ್ಲ ಭಾರವನ್ನೂ ಹೊತ್ತು ಏದುಸಿರು ಬಿಡುತ್ತಿತ್ತು. ಫ್ಯಾನಿನ ಸದ್ದಿಗೆ ಸಂಭಾಷಣೆಯೇ ಮುಳುಗುತ್ತಿತ್ತು. ಮೂರು ವಾರಕ್ಕೆ ಕಪಾಟಿಗೆ ಮರಳಿತು. ಆದರೂ ಕೋಡಿ ನಿಮಗೆ ಒಗ್ಗುತ್ತದೆಯೇ ಎಂದು ತಿಳಿಯಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಎರಡನೆಯದು ರಾಸ್ಪ್‌ಬೆರಿ ಪೈ 4. ಅಂಗೈಯಗಲದ ಬೋರ್ಡು. ಇದಕ್ಕೆ ಕೋಡಿಗೆಂದೇ ಮಾಡಿದ ಲಿಬ್ರೆಎಲೆಕ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಿದೆ. ಸ್ವಿಚ್ ಒತ್ತಿದರೆ ನೇರವಾಗಿ ಕೋಡಿ ತೆರೆಯುತ್ತದೆ, ಬೇರೆ ಡೆಸ್ಕ್‌ಟಾಪ್ ಎಂಬುದೇ ಇಲ್ಲ. ಮೈಕ್ರೊ ಎಸ್‌ಡಿ ಕಾರ್ಡಿಗೆ ಬರೆದು, ಕಾರ್ಡನ್ನು ಬೋರ್ಡಿಗೆ ತೂರಿಸಿ, ಎಚ್‌ಡಿಎಂಐ ಸಿಕ್ಕಿಸಿದೆ. ಕೀಬೋರ್ಡ್ ಹುಡುಕಲು ಏಳಬೇಕು ಅನ್ನುವಷ್ಟರಲ್ಲಿ ಕೈಯಲ್ಲಿದ್ದ ಟಿವಿ ರಿಮೋಟಿನ ಬಾಣದ ಗುಂಡಿ ಅಕಸ್ಮಾತ್ತಾಗಿ ಒತ್ತಿಹೋಯಿತು. ಪರದೆಯ ಮೇಲೆ ಕೋಡಿಯ ಪಟ್ಟಿ ಕೆಳಗೆ ಸರಿಯಿತು! ಎಚ್‌ಡಿಎಂಐ ಕೇಬಲ್ಲಿನೊಳಗೇ ಸಿಇಸಿ ಎಂಬ ಒಂದು ತಂತಿ ಇದೆ, ಟಿವಿ ಅದರ ಮೂಲಕ ರಿಮೋಟಿನ ಗುಂಡಿಗಳ ಸುದ್ದಿಯನ್ನು ಪೈಗೆ ದಾಟಿಸುತ್ತದೆ. ಓದಿ ಗೊತ್ತಿತ್ತು. ಕಣ್ಣಾರೆ ಕಂಡಾಗ ಮಾತ್ರ ಈ ಹೋಲಿಕೆ ಅರ್ಧ ಅಲ್ಲಿಗೇ ಮುಗಿದಂತೆನಿಸಿತು. ಲ್ಯಾಪ್‌ಟಾಪ್ ಇದ್ದಷ್ಟು ದಿನ ಪ್ರತಿ ಸಂಜೆ "ಇದನ್ನು ಹಾಕಿಕೊಡು ಬಾ" ಎಂದು ಕರೆಯುತ್ತಿದ್ದ ಅಮ್ಮ ಮರುದಿನ ತಾವೇ ಸಿನಿಮಾ ಹಾಕಿಕೊಂಡು ನೋಡುತ್ತಿದ್ದರು.

ಹಾಗೆಂದು ಪೈ ಸಾಧು ಪ್ರಾಣಿಯೇನಲ್ಲ. ಮೊದಲ ವಾರ ಪರದೆಯ ಮೂಲೆಯಲ್ಲಿ ಆಗಾಗ ಹಳದಿ ಮಿಂಚಿನ ಗುರುತು ಕಾಣಿಸಿಕೊಳ್ಳುತ್ತಿತ್ತು. ಚಂದಕ್ಕೆ ಇಟ್ಟದ್ದಿರಬೇಕು ಎಂದುಕೊಂಡಿದ್ದೆ. ಬೋರ್ಡಿಗೆ ಸಿಗಬೇಕಾದ 5 ವೋಲ್ಟ್ 4.63ಕ್ಕಿಂತ ಕೆಳಗಿಳಿದರೆ ಬರುವ ಎಚ್ಚರಿಕೆ ಅದು. ನಾನು ಮೊಬೈಲ್ ಚಾರ್ಜರ್ ಹಾಕಿದ್ದೆ. ಸಾಲದ್ದಕ್ಕೆ ಹಾರ್ಡ್‌ಡಿಸ್ಕೂ ಪೈನಿಂದಲೇ ವಿದ್ಯುತ್ ಹೀರುತ್ತಿತ್ತು. ಅದರ ನಾಲ್ಕು ಯುಎಸ್‌ಬಿ ಕಿಂಡಿಗಳೂ ಸೇರಿ ಕೊಡುವುದು 1.2 ಆಂಪಿಯರ್. ಡಿಸ್ಕ್ ತಿರುಗಲು ಹೊರಟು, ಟಿಕ್ ಎಂದು ನಿಂತು, ಮತ್ತೆ ಹೊರಡುತ್ತಿತ್ತು. ಪೈಗಾಗಿಯೇ ಮಾಡಿದ 3 ಆಂಪಿಯರ್ ಅಡಾಪ್ಟರ್ ತಂದು, ಡಿಸ್ಕಿಗೆ ಬೇರೆ ವಿದ್ಯುತ್ ಕೊಟ್ಟ ಮೇಲೆ ಮಿಂಚು ಮಾಯವಾಯಿತು. ಇನ್ನೊಂದು ಮಾತು: ಇದರ ಎರಡು ಮೈಕ್ರೊ ಎಚ್‌ಡಿಎಂಐ ಕಿಂಡಿಗಳು ಸಮಾನವಲ್ಲ. 4ಕೆಯನ್ನು 60 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 60 ಸಲ) ಬೇಕೆಂದರೆ ವಿದ್ಯುತ್ ಕಿಂಡಿಯ ಪಕ್ಕದ್ದನ್ನೇ ಬಳಸಬೇಕು.

4ಕೆ ಎಚ್‌ಇವಿಸಿಯನ್ನು ಪೈ 4 ನೀರು ಕುಡಿದಂತೆ ನಡೆಸುತ್ತದೆ. ಬೆಳಕು-ಕತ್ತಲೆಯ ಅಂತರವನ್ನು ಹೆಚ್ಚಿಸಿ ತೋರಿಸುವ ಎಚ್‌ಡಿಆರ್ ಕೂಡ ಸರಿಯಾಗಿ ಬಂತು. ಕುಗ್ಗಿಸುವ ಹಳೆಯ ವಿಧಾನವಾದ ಎಚ್.264 ಆದರೆ 1080ಪಿವರೆಗೆ. ಹೊಸ ವಿಧಾನವಾದ ಎವಿ1 ಬಂದರೆ ಕೈಚೆಲ್ಲುತ್ತದೆ. 2023ರ ಪೈ 5 ಇದಕ್ಕಿಂತ ಬಹಳ ವೇಗದ್ದಾದರೂ ಎವಿ1ಗೆ ಅದರಲ್ಲೂ ಪ್ರತ್ಯೇಕ ಸರ್ಕ್ಯೂಟ್ ಇಲ್ಲ. ಎಚ್.264ಗೆ ಇದ್ದದ್ದನ್ನೂ ತೆಗೆದುಹಾಕಿ ಪ್ರೊಸೆಸರಿಗೇ ಆ ಕೆಲಸ ವಹಿಸಿದ್ದಾರೆ. ಸಿನಿಮಾಕ್ಕಷ್ಟೇ ಆದರೆ 4 ಸಾಕೆಂದು ನಾನು ಅಲ್ಲಿಗೇ ನಿಂತೆ.

ಮೂರನೆಯದು ಇಂಟೆಲ್ ಎನ್100 ಚಿಪ್ಪಿನ ಮಿನಿ ಪಿಸಿ. ನಾಲ್ಕು ಕೋರ್, 6 ವಾಟ್‌ನ ಚಿಪ್ಪು, ಎಸ್‌ಎಸ್‌ಡಿ. ಶಕ್ತಿಯ ಲೆಕ್ಕದಲ್ಲಿ ಪೈ ಇದರ ಸಮಕ್ಕೆ ನಿಲ್ಲುವುದಿಲ್ಲ. ಎವಿ1, ವಿಪಿ9, 10 ಬಿಟ್ ಎಚ್‌ಇವಿಸಿ ಏನೇ ಕೊಟ್ಟರೂ ನುಂಗುತ್ತದೆ. ಬ್ರೌಸರ್ ಸಲೀಸು. ಇಷ್ಟಾದರೂ ಒಂದೇ ತಿಂಗಳಲ್ಲಿ ನನ್ನನ್ನು ಅತಿ ಹೆಚ್ಚು ಸಲ ಸೋಫಾದಿಂದ ಎಬ್ಬಿಸಿದ್ದು ಇದೇ.

ಮೊದಲ ಕಾರಣ ಸಿಇಸಿ ಇಲ್ಲದಿರುವುದು. ಬಹುಪಾಲು ಪಿಸಿಗಳಂತೆ ಇದಕ್ಕೂ ಟಿವಿ ರಿಮೋಟಿನ ಮಾತು ಕೇಳಿಸದು. ಅದಕ್ಕೆಂದೇ ಬೇರೆ ಅಡಾಪ್ಟರ್ ಕೊಳ್ಳಬೇಕು. ನಾನು ನಿಸ್ತಂತು ಕೀಬೋರ್ಡ್ ತಂದೆ. ಒಂದು ಒತ್ತಿದರೆ ಮೂರು ಸಲ ಓಡುತ್ತಿತ್ತು, ಕೆಲವೊಮ್ಮೆ ಸ್ಪಂದಿಸುತ್ತಲೇ ಇರಲಿಲ್ಲ. ಬ್ಯಾಟರಿ ಬದಲಿಸಿದೆ, ಕೀಬೋರ್ಡನ್ನೇ ಬದಲಿಸಲು ಹೊರಟಿದ್ದೆ. ಕೊನೆಗೆ ಸಿಕ್ಕಿಬಿದ್ದದ್ದು ಪಕ್ಕದ ಕಿಂಡಿಯಲ್ಲಿದ್ದ ಹಾರ್ಡ್‌ಡಿಸ್ಕ್. ಯುಎಸ್‌ಬಿ 3 ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತ ರೇಡಿಯೊ ಗದ್ದಲ ಎಬ್ಬಿಸುತ್ತದೆ, ಕೀಬೋರ್ಡಿನ ಪುಟ್ಟ ಗ್ರಾಹಕ ಮಾತಾಡುವುದೂ ಅದೇ ತರಂಗದಲ್ಲಿ. ಒಂದು ಮೊಳದ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಗ್ರಾಹಕವನ್ನು ದೂರ ಇಟ್ಟೆ. ಅಲ್ಲಿಗೆ ರೋಗ ವಾಸಿ.

ಎರಡನೆಯದು ಬಣ್ಣ. ಕತ್ತಲೆಯ ದೃಶ್ಯಗಳೆಲ್ಲ ಬೂದಿ ಬಳಿದಂತೆ ಕಾಣುತ್ತಿದ್ದವು. ಟಿವಿಗೆ ಕಪ್ಪೆಂದರೆ 0 ಎಂದು ಹೇಳಿಟ್ಟು ಪಿಸಿ 16ರಿಂದ ಕಳಿಸುತ್ತಿದ್ದರೆ ಹೀಗಾಗುತ್ತದೆ. ಎರಡೂ ಕಡೆ ಒಂದೇ ಮಟ್ಟ ಹೊಂದಿಸಿದ ಕೂಡಲೇ ಕಪ್ಪು ಕಪ್ಪಾಯಿತು. ಮೂರನೆಯದು ಫ್ಯಾನು. ಲ್ಯಾಪ್‌ಟಾಪಿನಷ್ಟು ಅಬ್ಬರವಿಲ್ಲ, ಆದರೆ ಸೊಳ್ಳೆಯಂಥ ಸಣ್ಣ ಗುಂಯ್. ಮೌನದ ದೃಶ್ಯ ಬಂದಾಗಲೇ ಕೇಳಿಸುತ್ತದೆ, ಒಮ್ಮೆ ಕಿವಿಗೆ ಬಿದ್ದ ಮೇಲೆ ಬಿಡುವುದಿಲ್ಲ.

ಆನ್‌ಲೈನ್ ಚಂದಾ ಸೇವೆಗಳಿಗೆ ಪಿಸಿಯೇ ಉತ್ತಮ ಎಂದುಕೊಂಡಿದ್ದೆ. ತಪ್ಪು. ಬಹಳಷ್ಟು ಸೇವೆಗಳು ವೈಡ್‌ವೈನ್ ಎಂಬ ಬೀಗ ಬಳಸುತ್ತವೆ. ಅದರ ಎಲ್1 ಹಂತ ಇರುವ ಸಾಧನಕ್ಕೆ ಪೂರ್ಣ ಗುಣಮಟ್ಟ, ಎಲ್3 ಹಂತದ ಬ್ರೌಸರಿಗೆ ಕಡಿಮೆ. ಲಿನಕ್ಸ್ ಬ್ರೌಸರಿನಲ್ಲಿ ಮಸುಕಾಗಿ ಕಂಡ ಧಾರಾವಾಹಿ ಟಿವಿಯ ಸ್ವಂತ ಆ್ಯಪ್‌ನಲ್ಲಿ 4ಕೆಯಲ್ಲೇ ಬಂತು. ಟಿವಿಯ ಜಾಣತನವನ್ನು ಆಡಿಕೊಂಡದ್ದರಲ್ಲಿ ಇಷ್ಟನ್ನು ವಾಪಸ್ ತೆಗೆದುಕೊಳ್ಳುತ್ತೇನೆ.

ಯಂತ್ರ ಯಾವುದೇ ಇರಲಿ, ಒಂದು ಸೆಟ್ಟಿಂಗ್ ಮಾತ್ರ ಬಿಡಬೇಡಿ. ಸಿನಿಮಾಗಳು ಬಹುತೇಕ ಸೆಕೆಂಡಿಗೆ 24 ಫ್ರೇಮ್. ಟಿವಿ 60 ಹರ್ಟ್ಸ್‌ನಲ್ಲಿದ್ದರೆ ಒಂದು ಫ್ರೇಮನ್ನು ಮೂರು ಸಲ, ಮುಂದಿನದನ್ನು ಎರಡು ಸಲ ತೋರಿಸಿ ಲೆಕ್ಕ ಸರಿದೂಗಿಸುತ್ತದೆ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ತಿರುಗುವಾಗ ಚಿತ್ರ ಕುಂಟುವುದು ಇದರಿಂದಲೇ. ಕೋಡಿಯಲ್ಲಿ ರಿಫ್ರೆಶ್ ರೇಟ್ (ಪರದೆ ಸೆಕೆಂಡಿಗೆ ಚಿತ್ರ ಬದಲಿಸುವ ವೇಗ) ಹೊಂದಿಸುವ ಆಯ್ಕೆಯನ್ನು ಸಕ್ರಿಯಗೊಳಿಸಿ, ಬಳಸಬಹುದಾದ ವೇಗಗಳ ಪಟ್ಟಿಯಾದ ವೈಟ್‌ಲಿಸ್ಟ್‌ನಲ್ಲಿ 23.976 ಮತ್ತು 24 ಹರ್ಟ್ಸ್ ಇರುವ ಸಾಲುಗಳನ್ನು ಗುರುತು ಮಾಡಿದರೆ ಸಿನಿಮಾ ಶುರುವಾಗುವಾಗ ಪರದೆ ಒಂದೆರಡು ಕ್ಷಣ ಕಪ್ಪಾಗಿ ಟಿವಿ ತಾನೇ ಆ ವೇಗಕ್ಕೆ ಬದಲಾಗುತ್ತದೆ. ಪರೀಕ್ಷೆಗೆ ಕೊನೆಯ ಹೆಸರುಗಳ ಪಟ್ಟಿ ಮೇಲೇರುವುದನ್ನು ದಿಟ್ಟಿಸಿ ನೋಡಿ. ಅಕ್ಷರಗಳು ನಡುಗದೆ ಜಾರಿದರೆ ಸರಿ.

ಈಗಿನ ಏರ್ಪಾಡು ಹೀಗಿದೆ. ಟಿವಿಯ ಹಿಂದೆ ಪೈ 4, ಲೋಹದ ಡಬ್ಬಿಯಲ್ಲಿ, ಫ್ಯಾನಿಲ್ಲದೆ. ಮಿನಿ ಪಿಸಿ ಒಳಕೋಣೆಯ ಮೇಜಿನ ಕೆಳಗೆ ಡಿಸ್ಕುಗಳನ್ನು ಹೊತ್ತುಕೊಂಡು ಗುಂಯ್ ಎನ್ನುತ್ತಿದೆ. ಎರಡನ್ನೂ ರೂಟರ್ ಮೂಲಕ ತಂತಿಯಿಂದ ಬೆಸೆದಿದ್ದೇನೆ, ದೊಡ್ಡ 4ಕೆ ಫೈಲುಗಳು ಕೆಲವು ದೃಶ್ಯಗಳಲ್ಲಿ ಸೆಕೆಂಡಿಗೆ 100 ಮೆಗಾಬಿಟ್ ದಾಟುವುದರಿಂದ ಗೋಡೆಯಾಚೆಯ ವೈಫೈ ನೆಚ್ಚಿಕೊಳ್ಳುವಂತಿರಲಿಲ್ಲ. ನನ್ನ ಫೈಲುಗಳಲ್ಲಿ ಪೈನಿಂದ ಆಗದ್ದು ಎವಿ1 ಒಂದೇ. ಸಂಗ್ರಹದಲ್ಲಿ ಅಂಥ ಹನ್ನೊಂದು ಫೈಲುಗಳು ಸಿಕ್ಕಿವೆ. ಅವನ್ನು ಎಚ್‌ಇವಿಸಿಗೆ ಬದಲಾಯಿಸುವ ಕೆಲಸವನ್ನು ನಿನ್ನೆ ರಾತ್ರಿ ಮಿನಿ ಪಿಸಿಗೆ ಹಚ್ಚಿದೆ. ಬೆಳಿಗ್ಗೆ ನೋಡಿದಾಗ ನಾಲ್ಕು ಮುಗಿದಿದ್ದವು.